ತರಬೇತಿ ವೆಚ್ಚವೆಂದು ಸಂಬಳದಿಂದ ಹಣ ಮುರಿದುಕೊಳ್ಳಲು ಕಂಪೆನಿಗೆ ಹಕ್ಕಿದೆಯೇ?

ಪ್ರಶ್ನೆ: ಪೆರ್ಲದಿಂದ ಒಬ್ಬ ಅಣ್ಣ

ಮಾನ್ಯರೇ,

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದಲ್ಲಿದೆ. ನನ್ನ ತಂಗಿ ಕಣ್ಣೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿ ಮುಗಿಸಿ, ಕಳೆದ ಡಿಸೆಂಬರ್ ತಿಂಗಳಲ್ಲಿ ಮಂಗಳೂರಿನ ಒಂದು ಮೆಡಿಕಲ್ ಕೋಡಿಂಗ್ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದಳು. ಅಮೆರಿಕದ ಆಸ್ಪತ್ರೆಗಳ ರೋಗಿಗಳ ದಾಖಲೆಗಳನ್ನು ಓದಿ, ರೋಗಕ್ಕೂ ಚಿಕಿತ್ಸೆಗೂ ವಿಮಾ ಕಂಪೆನಿಗಳು ಒಪ್ಪುವ ಸಂಕೇತ ಸಂಖ್ಯೆಗಳನ್ನು ಕೊಡುವುದು ಅಲ್ಲಿನ ಕೆಲಸ. ಮೊದಲ ಎರಡು ತಿಂಗಳು ತರಬೇತಿಯೆಂದು ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್ ಕೊಟ್ಟರು. ಫೆಬ್ರವರಿಯಿಂದ ಸಂಬಳ 18,000 ರೂಪಾಯಿ ಎಂದು ನಿಗದಿಯಾಯಿತು. ಆದರೆ ಕೈಗೆ ಬಂದದ್ದು 12,565 ಮಾತ್ರ. ಪೇ ಸ್ಲಿಪ್ ತರಿಸಿ ನೋಡಿದಾಗ ಪಿ.ಎಫ್. 1,800, ಇ.ಎಸ್.ಐ. 135 ಎಂಬ ಸಾಲುಗಳ ಕೆಳಗೆ ‘ಟಿ.ಡಿ.ಆರ್.’ ಎಂಬ ಮೂರಕ್ಷರದ ಎದುರು 3,500 ರೂಪಾಯಿ ಇತ್ತು. ಹಾಗೆಂದರೇನು ಎಂದು ವಿಚಾರಿಸಿದರೆ ‘ಟ್ರೈನಿಂಗ್ ಆಂಡ್ ಡೆವಲಪ್‌ಮೆಂಟ್ ರಿಕವರಿ’ ಎಂಬ ಉತ್ತರ ಸಿಕ್ಕಿತು. ಮೇ ತಿಂಗಳವರೆಗೆ ನಾಲ್ಕು ಬಾರಿ, ಅಂದರೆ ಒಟ್ಟು 14,000 ರೂಪಾಯಿ ಹೀಗೆ ಮುರಿದುಕೊಂಡಿದ್ದಾರೆ.

ಸೇರುವ ದಿನವೇ ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿದ್ದ ಕರಾರಿಗೆ ಆಕೆಯಿಂದ ಸಹಿ ಹಾಕಿಸಿಕೊಂಡಿದ್ದರು. ತರಬೇತಿಯ ವೆಚ್ಚ 75,000 ರೂಪಾಯಿ, ಎರಡು ವರ್ಷ ಕೆಲಸ ಬಿಡಬಾರದು, ಬಿಟ್ಟರೆ ಉಳಿಕೆ ಹಣ ಒಂದೇ ಕಂತಿನಲ್ಲಿ ಕಟ್ಟಬೇಕು, ತಕರಾರೇನಿದ್ದರೂ ಬೆಂಗಳೂರಿನ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು ಎಂದು ಅದರಲ್ಲಿದೆ. ಪದವಿಯ ಅಂಕಪಟ್ಟಿಗಳ ಮೂಲಪ್ರತಿಗಳನ್ನೂ ಸಹಿ ಮಾಡಿದ ಒಂದು ಖಾಲಿ ಚೆಕ್ಕನ್ನೂ ಅವರೇ ಇಟ್ಟುಕೊಂಡಿದ್ದಾರೆ. ಮೇ ತಿಂಗಳಲ್ಲಿ ಆಕೆಯನ್ನು ರಾತ್ರಿ ಪಾಳಿಗೆ ಹಾಕಿದರು. ಅದು ಮನೆಯವರಿಗೂ ಆಕೆಗೂ ಒಪ್ಪಿಗೆಯಾಗದೆ ರಾಜೀನಾಮೆ ಕೊಟ್ಟು, ನಿಯಮದಂತೆ ಜೂನ್ ತಿಂಗಳಿಡೀ ದುಡಿದು ಹೊರಬಂದಳು. ಈಗ ಜೂನ್ ತಿಂಗಳ ಸಂಬಳವನ್ನು ಪೂರ್ತಿ ತಡೆಹಿಡಿದಿದ್ದಾರೆ. 75,000 ರೂಪಾಯಿಯಲ್ಲಿ 14,000 ಕಳೆದು ಉಳಿದ 61,000 ಕಟ್ಟಿದರೆ ಮಾತ್ರ ರಿಲೀವಿಂಗ್ ಲೆಟರ್, ಅಂಕಪಟ್ಟಿ ಮತ್ತು ಚೆಕ್ಕನ್ನು ಹಿಂದಿರುಗಿಸುತ್ತೇವೆ ಎಂದು ಇ-ಮೇಲ್ ಬಂದಿದೆ.

ತರಬೇತಿ ಎಂದರೆ ಆದದ್ದಿಷ್ಟೆ: ಹಳೆಯ ನೌಕರರೊಬ್ಬರು ಬೆಳಿಗ್ಗೆ ಎರಡು ಗಂಟೆ ಪಾಠ ಹೇಳುತ್ತಿದ್ದರು, ಮಧ್ಯಾಹ್ನದ ಮೇಲೆ ನಿಜವಾದ ಫೈಲುಗಳನ್ನೇ ಕೊಟ್ಟು ಕೆಲಸ ಮಾಡಿಸುತ್ತಿದ್ದರು. ಹೊರಗಿನ ಯಾವ ಸಂಸ್ಥೆಯ ಪ್ರಮಾಣಪತ್ರವೂ ಸಿಕ್ಕಿಲ್ಲ. ನಾವು ಕೇರಳದವರು, ಕಂಪೆನಿ ಕರ್ನಾಟಕದ್ದು. ದೂರು ಕೊಡಬೇಕಾದದ್ದು ಕಾಸರಗೋಡಿನ ವಿದ್ಯಾನಗರದಲ್ಲೋ ಮಂಗಳೂರಿನಲ್ಲೋ, ಸಹಿ ಹಾಕಿದ ಮೇಲೆ ದೂರು ಕೊಡುವ ಹಕ್ಕಾದರೂ ಉಳಿದಿದೆಯೋ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ: ಕಾಸರಗೋಡಿನ ವಕೀಲ

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಸೇರಿಕೊಂಡಿವೆ, ಕಂಪೆನಿಯವರು ಅವನ್ನು ಬೇಕೆಂದೇ ಸೇರಿಸಿದ್ದಾರೆ. ತರಬೇತಿಗೆ ಖರ್ಚಾಯಿತು, ನೌಕರ ಅವಧಿಗೆ ಮುನ್ನ ಬಿಟ್ಟುಹೋದದ್ದರಿಂದ ನಷ್ಟವಾಯಿತು ಎಂದು ಮಾಲೀಕ ಹಣ ಕೇಳುವುದು ಒಂದು. ಆ ಹಣವನ್ನು ತಾನೇ ಲೆಕ್ಕ ಹಾಕಿ, ತಾನೇ ತೀರ್ಪು ಕೊಟ್ಟು, ತಾನೇ ಸಂಬಳದಿಂದ ಎತ್ತಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಕೆಲವೊಮ್ಮೆ ಹುರುಳಿರಬಹುದು. ಎರಡನೆಯದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

2019ರ ವೇತನ ಸಂಹಿತೆ ಎಂಬ ಕೇಂದ್ರ ಕಾನೂನು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನಿಮ್ಮ ತಂಗಿ ಸೇರಿದ್ದು ಅದರ ನಂತರವಾದ್ದರಿಂದ ಆಕೆಯ ಪ್ರಕರಣಕ್ಕೆ ಅದೇ ಆಧಾರ. ಹಿಂದಿನ 1936ರ ವೇತನ ಪಾವತಿ ಕಾಯ್ದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಸಿಗುತ್ತಿತ್ತು, ಸಂಹಿತೆಯಲ್ಲಿ ಆ ಮಿತಿಯಿಲ್ಲ. ಸಂಹಿತೆಯ 18ನೇ ಕಲಮು ಸಂಬಳದಿಂದ ಯಾವುದನ್ನೆಲ್ಲ ಮುರಿಯಬಹುದು ಎಂದು ಪಟ್ಟಿ ಕೊಟ್ಟಿದೆ: ಗೈರುಹಾಜರಿ, ದಂಡ, ನೌಕರನ ವಶಕ್ಕೆ ಕೊಟ್ಟ ವಸ್ತುವಿನ ಹಾನಿ, ಮನೆ ಬಾಡಿಗೆ, ಮುಂಗಡ ಮತ್ತು ಸಾಲದ ವಸೂಲಿ, ಆದಾಯ ತೆರಿಗೆ, ಭವಿಷ್ಯನಿಧಿ, ನ್ಯಾಯಾಲಯದ ಆದೇಶ ಇತ್ಯಾದಿ. ಆ ಪಟ್ಟಿಯಲ್ಲಿ ತರಬೇತಿ ವೆಚ್ಚ ಇಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಮುರಿಯುವಂತಿಲ್ಲ. ಪಿ.ಎಫ್. ಮತ್ತು ಇ.ಎಸ್.ಐ. ಕಡಿತಗಳು ಸರಿಯಾಗಿಯೇ ಇವೆ, ಅವುಗಳ ಬಗ್ಗೆ ತಕರಾರು ಬೇಡ.

ಪಟ್ಟಿಯ ಯಾವ ಬಾಗಿಲಿನಿಂದ ಕಂಪೆನಿಯವರು ಒಳಬರಲು ನೋಡುತ್ತಾರೆ ಎಂಬುದನ್ನೂ ತಿಳಿದಿರಿ. ಇದು ಮುಂಗಡದ ವಸೂಲಿ ಎಂದು ವಾದಿಸಬಹುದು. ಮುಂಗಡವೆಂದರೆ ನೌಕರನ ಕೈಗೆ ಬಂದ ಹಣ. ಪಾಠ ಹೇಳಿದ್ದಕ್ಕೆ ಬೆಲೆ ಕಟ್ಟಿ ಅದನ್ನು ಮುಂಗಡವೆಂದು ಕರೆದರೆ ಅದು ಮುಂಗಡವಾಗುವುದಿಲ್ಲ. ದಂಡವೆಂದರೆ ಅದಕ್ಕೂ ಮಿತಿಯಿದೆ: ಒಂದು ವೇತನಾವಧಿಯಲ್ಲಿ ಸಂಬಳದ ನೂರಕ್ಕೆ 3ರಷ್ಟನ್ನು ಮೀರುವಂತಿಲ್ಲ, ಅದೂ ನೌಕರನ ವಿವರಣೆ ಕೇಳಿದ ಮೇಲೆ. 18,000ಕ್ಕೆ ಲೆಕ್ಕ ಹಾಕಿದರೆ 540 ರೂಪಾಯಿ, ಇವರು ಮುರಿದದ್ದು 3,500. ಇನ್ನು ಜೂನ್ ಸಂಬಳದ ವಿಷಯ. ನ್ಯಾಯವಾದ ಕಡಿತಗಳೂ ಸೇರಿ ಒಟ್ಟು ಕಡಿತ ಸಂಬಳದ ಅರ್ಧವನ್ನು ಮೀರಬಾರದು ಎಂಬ ನಿಯಮವಿರುವಾಗ ಇಡೀ ತಿಂಗಳ ಸಂಬಳವನ್ನು ನುಂಗಿಹಾಕಲು ಅವಕಾಶವೆಲ್ಲಿ? ರಾಜೀನಾಮೆ ಕೊಟ್ಟು ಹೊರಬಂದವರಿಗೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 17ನೇ ಕಲಮು ಹೇಳುತ್ತದೆ.

ಸಹಿ ಹಾಕಿದ್ದರಿಂದ ಹಕ್ಕು ಹೋಗುವುದಿಲ್ಲ. ಸಂಹಿತೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುವಂತೆ ಮಾಡಿಕೊಂಡ ಕರಾರು ಆ ಮಟ್ಟಿಗೆ ಅಸಿಂಧು. ಕಡಿತ ಸರಿಯಾಗಿದೆ, ಸಂಬಳ ಸಂದಾಯವಾಗಿದೆ ಎಂದು ರುಜುವಾತುಪಡಿಸುವ ಹೊಣೆಯೂ ಮಾಲೀಕನ ಮೇಲೆಯೇ ಇದೆ.

ದೂರು ಎಲ್ಲಿ ಎಂಬುದಕ್ಕೆ ಉತ್ತರ ಮಂಗಳೂರು. ನೌಕರರು ಎಲ್ಲಿ ಮಲಗುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಎಲ್ಲಿ ದುಡಿದರು ಎಂಬುದಷ್ಟೇ ಮುಖ್ಯ. ಗಡಿಯ ತಲಪಾಡಿ ದಾಟಿ ದುಡಿಯಲು ಹೋಗುವ ನಮ್ಮ ಕಡೆಯ ಮಕ್ಕಳ ಇಂತಹ ಪ್ರಕರಣಗಳಲ್ಲಿ ಮನೆಯವರು ಮೊದಲು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ವಾಪಸಾಗಿ, ಸುಮ್ಮನೆ ಕಾಲ ಕಳೆಯುವುದನ್ನು ನೋಡಿದ್ದೇನೆ. ಕರ್ನಾಟಕ ಕಾರ್ಮಿಕ ಇಲಾಖೆಯ ಮಂಗಳೂರು ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಸಂಹಿತೆಯಡಿ ಹಕ್ಕುಕೇಳಿಕೆಗೆ ಮೂರು ವರ್ಷಗಳ ಅವಧಿಯಿದೆ, ಹಳೆಯ ಕಾಯ್ದೆಯಲ್ಲಿ ಅದು ಹನ್ನೆರಡು ತಿಂಗಳಷ್ಟೇ ಇತ್ತು. ಪರಿವರ್ತನೆಯ ಕಾಲದಲ್ಲಿ ಹಳೆಯ ನಿಯಮಗಳೂ ಅಧಿಸೂಚನೆಗಳೂ ಮುಂದುವರಿಯುತ್ತವೆ ಎಂದು ಕೇಂದ್ರ ಸರಕಾರ ಹೇಳಿರುವುದರಿಂದ, ಅರ್ಜಿಯಲ್ಲಿ ಸಂಹಿತೆಯ ಜೊತೆಗೆ 1936ರ ಕಾಯ್ದೆಯ ಹೆಸರನ್ನೂ ಬರೆಯುವುದು ಜಾಣತನ. ಅಕ್ರಮ ಕಡಿತದ ಮೊತ್ತವನ್ನು ಮರಳಿಸುವುದಲ್ಲದೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಈ ಹಕ್ಕುಕೇಳಿಕೆಯನ್ನು ವಿಚಾರಿಸುವ ವೇತನ ಪ್ರಾಧಿಕಾರಕ್ಕಿದೆ. ಹತ್ತು ಪಟ್ಟು ಸಿಗುತ್ತದೆಂದು ಮನೆಯಲ್ಲಿ ಲೆಕ್ಕ ಹಾಕುತ್ತ ಕೂರಬೇಡಿ, ಆದರೆ ಅರ್ಜಿಯಲ್ಲಿ ಕೇಳುವುದನ್ನು ಮರೆಯಬೇಡಿ.

ಬೆಂಗಳೂರಿನ ನ್ಯಾಯಾಲಯವೆಂಬ ಷರತ್ತು ಸಿವಿಲ್ ದಾವೆಗೆ ಸಂಬಂಧಿಸಿದ್ದು. ಉದ್ಯೋಗ ಕರಾರಿನಲ್ಲಿ ಅಂತಹ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಎತ್ತಿಹಿಡಿದಿದೆ ನಿಜ. ಆದರೆ ಕಾಯ್ದೆಯೇ ನೇಮಿಸಿದ ವೇತನ ಪ್ರಾಧಿಕಾರದ ಮುಂದೆ ಹೋಗುವುದನ್ನು ಕರಾರಿನ ಒಂದು ಸಾಲು ತಡೆಯಲಾರದು.

ಉತ್ತರ: ಉಪ್ಪಳದ ಒಬ್ಬ ಅಂಗಡಿ ಮಾಲೀಕ

ವಕೀಲರು ಬರೆದದ್ದನ್ನು ಅಲ್ಲಗಳೆಯುವಷ್ಟು ಕಾನೂನು ನನಗೆ ತಿಳಿದಿಲ್ಲ. ಆದರೆ ಚರ್ಚೆ ಒಂದೇ ಕಡೆಗೆ ವಾಲಬಾರದೆಂದು ಬರೆಯುತ್ತಿದ್ದೇನೆ. ನಾನು ಏರ್ ಕಂಡೀಷನರ್ ಮತ್ತು ಫ್ರಿಜ್ ದುರಸ್ತಿಯ ಅಂಗಡಿ ನಡೆಸುತ್ತೇನೆ. ಹುಡುಗರು ಬರುವಾಗ ಸ್ಪ್ಯಾನರ್ ಹಿಡಿಯಲೂ ತಿಳಿದಿರುವುದಿಲ್ಲ. ಗ್ಯಾಸ್ ತುಂಬಿಸುವಾಗ ಗೇಜ್ ಓದುವುದು, ತಾಮ್ರದ ಪೈಪಿಗೆ ಬೆಸುಗೆ ಹಾಕುವುದು, ಕಂಪ್ರೆಸರ್ ಸುಟ್ಟಿದೆಯೋ ಕೆಪಾಸಿಟರ್ ಮಾತ್ರ ಹೋಗಿದೆಯೋ ಎಂದು ಪತ್ತೆಹಚ್ಚುವುದು, ಇವೆಲ್ಲ ಕೈಗೆ ಹತ್ತುವ ಹೊತ್ತಿಗೆ ವೀಸಾ ಬರುತ್ತದೆ, ಹುಡುಗ ದುಬಾಯಿಯ ವಿಮಾನ ಹತ್ತುತ್ತಾನೆ. ಕಲಿಯುವ ಕಾಲದಲ್ಲಿ ಅವನು ಹಾಳುಮಾಡಿದ ಸಾಮಾನು, ಅವನ ಹಿಂದೆಯೇ ನಿಂತು ಕಳೆದ ನನ್ನ ಸಮಯ, ಇವಕ್ಕೆಲ್ಲ ಬೆಲೆಯಿಲ್ಲವೇ? ಒಬ್ಬನನ್ನು ಕೊಚ್ಚಿಗೆ ಕಳಿಸಿ, ತಯಾರಕ ಕಂಪೆನಿಯ ತರಬೇತಿಗೆ 15,000 ರೂಪಾಯಿ ಶುಲ್ಕ ಕಟ್ಟಿದ್ದೆ, ವಸತಿಯ ಖರ್ಚು ಬೇರೆ. ಬಂದ ತಿಂಗಳಲ್ಲೇ ಬಿಟ್ಟುಹೋದ. ನಾನು ಅವನ ಕೊನೆಯ ಸಂಬಳವನ್ನು ತಡೆಹಿಡಿದೆ, ಈಗಲೂ ಅದು ತಪ್ಪೆಂದು ನನಗೆ ಅನಿಸುತ್ತಿಲ್ಲ. ಸಣ್ಣ ಅಂಗಡಿಯವರು ವಸೂಲಿಗೆಂದು ಕೋರ್ಟು ಹತ್ತಲು ಸಾಧ್ಯವೇ? ಹಾಗಾದರೆ ಇನ್ನು ಮುಂದೆ ಯಾರಿಗೂ ಏನನ್ನೂ ಕಲಿಸದಿರುವುದೇ ವಾಸಿ ಎಂದಾಗುವುದಿಲ್ಲವೇ?

ಉತ್ತರ: ಕಾಸರಗೋಡಿನ ವಕೀಲ

ಉಪ್ಪಳದ ಮಹನೀಯರ ಬೇಸರ ಅರ್ಥವಾಗುತ್ತದೆ, ಅವರ ಎರಡು ಉದಾಹರಣೆಗಳು ಮಾತ್ರ ಒಂದೇ ತೂಕದವಲ್ಲ. ಕೊಚ್ಚಿಯ ಶುಲ್ಕಕ್ಕೆ ರಶೀದಿಯಿದೆ, ಕಲಿತದ್ದು ಆ ಹುಡುಗನಿಗೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಒಂದು ವರ್ಷವಾದರೂ ಇರುತ್ತೇನೆ, ಇಲ್ಲವಾದರೆ ಇಷ್ಟು ಕೊಡುತ್ತೇನೆ ಎಂದು ಅವನು ಬರೆದುಕೊಟ್ಟಿದ್ದರೆ ನ್ಯಾಯಾಲಯ ಅದನ್ನು ಗಂಭೀರವಾಗಿಯೇ ನೋಡುತ್ತದೆ. ಆದರೆ ಅಂಗಡಿಯಲ್ಲಿ ಹಿರಿಯರು ಕಿರಿಯರಿಗೆ ಕೆಲಸ ತೋರಿಸಿಕೊಡುವುದು ವ್ಯಾಪಾರದ ದೈನಂದಿನ ಖರ್ಚು. ಕಲಿಯುವವನೂ ಆ ಹೊತ್ತಿನಲ್ಲಿ ಗಿರಾಕಿಯ ಕೆಲಸವನ್ನೇ ಮಾಡುತ್ತಿರುತ್ತಾನೆ, ಅದರ ಹಣ ಗಲ್ಲಾ ಪೆಟ್ಟಿಗೆಗೇ ಬೀಳುತ್ತದೆ. ಪೆರ್ಲದ ಹುಡುಗಿಯ ತರಬೇತಿ ಈ ಎರಡನೆಯ ಬಗೆಯದು. ಹೊರಗಿನವರು ನಡೆಸುವ ಸಿಪಿಸಿ ಎಂಬ ಮೆಡಿಕಲ್ ಕೋಡಿಂಗ್ ಪ್ರಮಾಣಪತ್ರದ ಪರೀಕ್ಷೆಯ ಶುಲ್ಕವನ್ನು ಕಂಪೆನಿ ಕಟ್ಟಿದ್ದರೆ ಮಾತು ಬೇರೆ ಇರುತ್ತಿತ್ತು.

ಇಲ್ಲಿ ಎರಡು ತೀರ್ಪುಗಳನ್ನು ನೆನಪಿಸುವುದು ಅಗತ್ಯ, ಏಕೆಂದರೆ ಒಂದನ್ನು ಕಂಪೆನಿಯವರು ಖಂಡಿತ ಮುಂದೆ ಹಿಡಿಯುತ್ತಾರೆ. ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು, ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೋಗಲು ಕರಾರಿನಂತೆ 2 ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂದಾಗ ಅದನ್ನು ಪ್ರಶ್ನಿಸಿದ್ದರು. ಕರ್ನಾಟಕ ಹೈಕೋರ್ಟು ಅವರ ಪರವಾಗಿ ಹೇಳಿತ್ತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಕನಿಷ್ಠ ಅವಧಿಯ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಅರ್ಥದಲ್ಲಿ ಉದ್ಯೋಗಕ್ಕೆ ತಡೆಯಲ್ಲ ಎಂದಿತು. ಆದರೆ ತೀರ್ಪಿನ ಒಳಗೆ ಓದಿ ನೋಡಿದರೆ, ಸಾರ್ವಜನಿಕ ರಂಗದ ಬ್ಯಾಂಕು ಬಹಿರಂಗ ನೇಮಕಾತಿಗೆ ಮಾಡಬೇಕಾದ ವೆಚ್ಚ ಮತ್ತು ಆ ಹಿರಿಯ ಹುದ್ದೆಯ ಸಂಬಳ ಎರಡನ್ನೂ ನ್ಯಾಯಾಲಯ ತೂಗಿ ನೋಡಿದೆ. ಅಲ್ಲದೆ ಅಲ್ಲಿ ಹಣವನ್ನು ಆ ಅಧಿಕಾರಿಯೇ ಆಕ್ಷೇಪಣೆಯೊಂದಿಗೆ ಕಟ್ಟಿದ್ದರು, ತಿಂಗಳ ಸಂಬಳದಿಂದ ಯಾರೂ ಮುರಿದುಕೊಂಡಿರಲಿಲ್ಲ.

ಇನ್ನೊಂದು, ದೆಹಲಿ ಹೈಕೋರ್ಟಿನ 2011ರ ಸಿಕ್ಪಾ ಇಂಡಿಯಾ ಪ್ರಕರಣ. ಕರಾರಿನಲ್ಲಿ ಮೂರು ವರ್ಷ, 2 ಲಕ್ಷ ರೂಪಾಯಿ ಎಂದಿತ್ತು. ತರಬೇತಿಗೆ ನಿಜವಾಗಿ ತಗಲಿದ್ದು 67,595 ರೂಪಾಯಿ, ನೌಕರ ಎರಡು ವರ್ಷ ದುಡಿದಿದ್ದರು. ಕೊನೆಗೆ ಕಂಪೆನಿಗೆ ಸಿಕ್ಕಿದ್ದು 22,532 ರೂಪಾಯಿ, ಅಂದರೆ ನಿಜವಾದ ಖರ್ಚಿನ ಮೂರನೆಯ ಒಂದು ಭಾಗ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ಕೊಡಲೇಬೇಕಾದ ಮೊತ್ತವಲ್ಲ ಎಂಬ ಕರಾರು ಕಾಯ್ದೆಯ 74ನೇ ಕಲಮಿನ ತತ್ತ್ವ ಇದೇ. ಹಾಗಾಗಿ 75,000 ಎಂಬ ಅಂಕೆ ಎಲ್ಲಿಂದ ಬಂತು, ಯಾರಿಗೆ ಎಷ್ಟು ಪಾವತಿಯಾಯಿತು ಎಂದು ಲಿಖಿತವಾಗಿ ಲೆಕ್ಕ ಕೇಳಿರಿ. ಉಪ್ಪಳದವರಿಗೂ ನನ್ನ ಸಲಹೆ ಇದೇ: ಶುಲ್ಕದ ರಶೀದಿಯಿಟ್ಟುಕೊಂಡು, ತಿಂಗಳು ಕಳೆದಂತೆ ಮೊತ್ತ ಇಳಿಯುವ ಹಾಗೆ ಕರಾರು ಬರೆಯಿಸಿ. ತಡೆಹಿಡಿದ ಸಂಬಳವನ್ನು ಮಾತ್ರ ಕೊಟ್ಟುಬಿಡಿ.

ಉತ್ತರ: ಬದಿಯಡ್ಕದ ಶುಶ್ರೂಷಕಿ

ನಾನು ಹಿಂದೆ ಕೆಲಸ ಮಾಡಿದ ಒಂದು ಖಾಸಗಿ ಆಸ್ಪತ್ರೆಯಲ್ಲಿಯೂ ಅಂಕಪಟ್ಟಿಗಳನ್ನು ಹೀಗೆಯೇ ಇಟ್ಟುಕೊಂಡಿದ್ದರು. ಕೌಂಟರಿನಲ್ಲಿ ನಿಂತು ಬೇಡಿಕೊಂಡಷ್ಟು ದಿನ ‘ಮ್ಯಾನೇಜರ್ ಇಲ್ಲ’ ಎಂಬ ಉತ್ತರವೇ ಸಿಗುತ್ತಿತ್ತು. ಆಮೇಲೆ ಒಬ್ಬ ಹಿರಿಯ ಸಹೋದ್ಯೋಗಿ ಹೇಳಿದಂತೆ, ಪ್ರತಿಯೊಂದು ಅಂಕಪಟ್ಟಿಯ ನೋಂದಣಿ ಸಂಖ್ಯೆ, ವರ್ಷ ಮತ್ತು ಅದನ್ನು ಒಪ್ಪಿಸಿದ ದಿನಾಂಕವನ್ನು ಬರೆದು, ಇವು ನನ್ನ ಸ್ವತ್ತು, ಸಾಲಕ್ಕೆ ಒತ್ತೆಯಿಟ್ಟದ್ದಲ್ಲ, ಹಿಂದಿರುಗಿಸದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡುತ್ತೇನೆ ಎಂದು ಸ್ವೀಕೃತಿ ಪತ್ರ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಆ ಪತ್ರ ತಲುಪಿದ ಮೇಲೆ ಅವರೇ ಕರೆ ಮಾಡಿ ಕರೆಸಿ ಕೊಟ್ಟರು. ಕೊಡುವಾಗ ಬಾಕಿ ಯಾವುದೂ ಇಲ್ಲ ಎಂಬ ಕಾಗದಕ್ಕೆ ಸಹಿ ಕೇಳಿದರು. ‘ಅಂಕಪಟ್ಟಿಗಳನ್ನು ಮಾತ್ರ ಪಡೆದೆ’ ಎಂದು ನನ್ನ ಕೈಯಿಂದಲೇ ಬರೆದು, ಅದರ ಕೆಳಗೆ ಸಹಿ ಹಾಕಿದೆ.

ಅಷ್ಟರವರೆಗೆ ಹೊಸ ಕೆಲಸಕ್ಕೆ ಅಂಕಪಟ್ಟಿ ಬೇಕಾದರೆ ಸರಕಾರದ ಡಿಜಿಟಲ್ ದಾಖಲೆ ಸೌಲಭ್ಯವಾದ ಡಿಜಿಲಾಕರಿನಲ್ಲಿ ಸಿಗುತ್ತದೆಯೇ ನೋಡಿರಿ. ಸಿಕ್ಕಿದರೆ 2016ರ ನಿಯಮದ ಪ್ರಕಾರ ಅದಕ್ಕೆ ಮೂಲಪ್ರತಿಯಷ್ಟೇ ಮಾನ್ಯತೆಯಿದೆ. ನಕಲು ಪ್ರತಿಗಾಗಿ ಕಣ್ಣೂರಿಗೆ ಅಲೆಯುವ ಮೊದಲು ಇದನ್ನು ಮಾಡಿ ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಓದಿ, ಖರ್ಚಿನ ಲೆಕ್ಕ ಕೊಡಿರೆಂದು ತಂಗಿಯಿಂದ ಇ-ಮೇಲ್ ಬರೆಯಿಸಿದೆ. ಅದಕ್ಕೆ ಉತ್ತರ ಬರಲಿಲ್ಲ, ಬದಲಾಗಿ ಅಪ್ಪನ ಮೊಬೈಲಿಗೆ ಕರೆ ಬಂತು. ಜೂನ್ ಸಂಬಳವನ್ನು ಬಿಟ್ಟುಕೊಟ್ಟು ಮೇಲೆ 20,000 ರೂಪಾಯಿ ಕಟ್ಟಿದರೆ ಎಲ್ಲವನ್ನೂ ಮುಗಿಸೋಣ, ಇಲ್ಲವಾದರೆ ಚೆಕ್ಕನ್ನು ಬ್ಯಾಂಕಿಗೆ ಹಾಕುತ್ತೇವೆ, ಆಕೆ ತರಬೇತಿಯಲ್ಲಿದ್ದವಳು, ಕಾರ್ಮಿಕ ಕಾನೂನು ಆಕೆಗೆ ಅನ್ವಯಿಸುವುದಿಲ್ಲ ಎಂದರಂತೆ. ಅಪ್ಪ ಅಡಿಕೆ ಮಾರಿದ ಹಣದಲ್ಲಿ ಕೊಟ್ಟು ಮುಗಿಸಿಬಿಡೋಣ ಎನ್ನುತ್ತಿದ್ದಾರೆ. ಹೆಣ್ಣುಮಗಳ ಹೆಸರಿಗೆ ಕೋರ್ಟಿನ ಕಾಗದ ಬರುವುದು ಅವರಿಗೆ ಬೇಡ. ಚೆಕ್ಕಿನ ವಿಷಯದಲ್ಲಿ ನಿಜವಾಗಿಯೂ ಅಪಾಯವಿದೆಯೇ?

ಉತ್ತರ: ಕಾಸರಗೋಡಿನ ವಕೀಲ

ಚೆಕ್ಕಿನ ವಿಷಯದಲ್ಲಿ ಅಪಾಯವೇ ಇಲ್ಲವೆಂದು ಧೈರ್ಯ ಹೇಳಿದರೆ ಅದು ಸುಳ್ಳಾಗುತ್ತದೆ. ಸಹಿ ಮಾಡಿ ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ, ಅದು ಸಾಲಕ್ಕಾಗಿ ಕೊಟ್ಟದ್ದೆಂಬ ಕಾನೂನಿನ ಊಹೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಆ ಊಹೆಯನ್ನು ಅಲ್ಲಗಳೆಯುವ ಅವಕಾಶವಿದೆ, ಅದಕ್ಕೆ ಬೇಕಾದ ಕಾಗದವನ್ನು ಇಂದೇ ಸಿದ್ಧಪಡಿಸಬೇಕು. ಉದ್ಯೋಗಕ್ಕೆ ಸೇರುವಾಗ ಭದ್ರತೆಗಾಗಿ ಪಡೆದ ಇಂತಹ ಸಂಖ್ಯೆಯ ಖಾಲಿ ಚೆಕ್ಕು ನಿಮ್ಮಲ್ಲಿದೆ, ನಾನು ನಿಮಗೆ ಯಾವ ಸಾಲವನ್ನೂ ಕೊಡಬೇಕಾಗಿಲ್ಲ, ಅದನ್ನು ಭರ್ತಿಮಾಡಬಾರದು ಎಂದು ಕಂಪೆನಿಗೆ ಲಿಖಿತ ಸೂಚನೆ ಕೊಟ್ಟು, ಅದರ ಪ್ರತಿಯೊಂದಿಗೆ ಬ್ಯಾಂಕಿಗೂ ಪಾವತಿ ತಡೆಯುವಂತೆ ಬರೆದುಕೊಡಿ. ಅಷ್ಟರಿಂದಲೇ ಎಲ್ಲವೂ ಮುಗಿಯಿತೆಂದು ಸುಮ್ಮನಿರಬೇಡಿ. ಚೆಕ್ಕು ಮರಳಿದ ಮಾಹಿತಿ ಬಂದ 30 ದಿನಗಳೊಳಗೆ ಅವರು ನೋಟಿಸು ಕಳಿಸಬೇಕು, ನೋಟಿಸು ತಲುಪಿದ ಮೇಲೆ ನಿಮಗೆ 15 ದಿನಗಳಿರುತ್ತವೆ. ಆ 15 ದಿನಗಳೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು. ಅಂಚೆಯಣ್ಣ ತಂದ ಕಾಗದವನ್ನು ಹೆದರಿ ವಾಪಸು ಕಳಿಸಿದರೆ ಕೆಲಸ ಕೆಡುತ್ತದೆ.

ತರಬೇತಿಯಲ್ಲಿದ್ದವಳು ಎಂಬ ಮಾತಿಗೆ ಉತ್ತರ ಸುಲಭ. ಸಂಹಿತೆ ಹೊರಗಿಟ್ಟಿರುವುದು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತೊಡಗಿಸಿಕೊಂಡ ಅಪ್ರೆಂಟಿಸರನ್ನು ಮಾತ್ರ. ಆ ಕಾಯ್ದೆಯಡಿಯ ಕರಾರು ನೋಂದಣಿಯಾಗಿರಬೇಕು, ಅದರ ಸಂಖ್ಯೆಯೇನೆಂದು ಕೇಳಿರಿ. ಅದೂ ಅಲ್ಲದೆ ಫೆಬ್ರವರಿಯಿಂದ ಪೇ ಸ್ಲಿಪ್ಪಿನಲ್ಲಿ ಸಂಬಳವೆಂದೇ ನಮೂದಿಸಿ ಪಿ.ಎಫ್. ಮುರಿದಿದ್ದಾರೆ, ಕಡಿತಗಳೆಲ್ಲ ಆದದ್ದೂ ಆ ತಿಂಗಳುಗಳಲ್ಲೇ.

ರಿಲೀವಿಂಗ್ ಲೆಟರಿಗಾಗಿ ಹಣ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ರಾಜೀನಾಮೆಯ ಇ-ಮೇಲ್, ಅದಕ್ಕೆ ಬಂದ ಒಪ್ಪಿಗೆ, ಪಿ.ಎಫ್. ಖಾತೆಯ ಸೇವಾ ವಿವರ, ಇಷ್ಟಿದ್ದರೆ ಹೊಸ ಮಾಲೀಕರಲ್ಲಿ ಬಹಳ ಮಂದಿ ಒಪ್ಪುತ್ತಾರೆ. ಕೆಲಸ ಬಿಟ್ಟ ದಿನಾಂಕವನ್ನು ಕಂಪೆನಿ ನಮೂದಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಪಿ.ಎಫ್. ಸಂಸ್ಥೆಯ (ಇ.ಪಿ.ಎಫ್.ಒ.) ಪೋರ್ಟಲಿನಲ್ಲಿ ನಿಮ್ಮ ತಂಗಿಯೇ ಅದನ್ನು ನಮೂದಿಸಬಹುದು.

ನಿಮ್ಮ ತಂದೆಯವರಿಗೆ ಇಷ್ಟನ್ನು ಹೇಳಿ: ವೇತನ ಪ್ರಾಧಿಕಾರದ ಮುಂದೆ ಹೋಗುವುದೆಂದರೆ ಮಗಳು ಆರೋಪಿಯಾಗಿ ಕಟಕಟೆಯಲ್ಲಿ ನಿಲ್ಲುವುದಲ್ಲ, ಅಲ್ಲಿ ಅರ್ಜಿದಾರಳು ಆಕೆಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ, ಪ್ರಕರಣ ಮಂಗಳೂರಿನದಾದ್ದರಿಂದ ದಕ್ಷಿಣ ಕನ್ನಡ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣುವುದು ಅನುಕೂಲ. ಇಷ್ಟು ಹೇಳಿದ ಮೇಲೂ ಅವರು ರಾಜಿಯೇ ಲೇಸು ಎನ್ನುವುದಾದರೆ, ಫೋನಿನ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಚೆಕ್ಕಿನ ಸಂಖ್ಯೆ, ಅಂಕಪಟ್ಟಿಗಳ ವಿವರ, ಮುಂದೆ ಯಾವ ಹಕ್ಕುಕೇಳಿಕೆಯೂ ಕಂಪೆನಿಗಿಲ್ಲವೆಂಬ ಮಾತು, ಇವೆಲ್ಲ ಒಂದೇ ಕಾಗದದಲ್ಲಿದ್ದು, ಹಣವೂ ದಾಖಲೆಗಳೂ ಒಂದೇ ಮೇಜಿನ ಮೇಲೆ ಕೈ ಬದಲಾಗಬೇಕು. ಜೂನ್ ಸಂಬಳವನ್ನು ಬಿಟ್ಟುಕೊಡುವ ಮಾತನ್ನಂತೂ ಎತ್ತಲೇಬೇಡಿ, ಅದು ಆಕೆ ದುಡಿದ ಹಣ, ಚೌಕಾಸಿಯ ಸರಕಲ್ಲ. ಮಂಗಳೂರಿಗೆ ಹೋಗುವಾಗ ನಾಲ್ಕು ಪೇ ಸ್ಲಿಪ್‌ಗಳು, ಪಾಸ್‌ಬುಕ್, ಕರಾರಿನ ಪ್ರತಿ ಮತ್ತು 61,000 ಕೇಳಿದ ಇ-ಮೇಲಿನ ಮುದ್ರಿತ ಪ್ರತಿಯನ್ನು ಎರಡೆರಡು ಸೆಟ್ ಮಾಡಿಸಿಕೊಳ್ಳಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಯೇ ಹೊರಬನ್ನಿ.